ಕೀಲೆಣ್ಣಿಯಿಂದ ಆಯಿಲ್ ಕ್ಯಾಪ್ ತನಕ

(1/4)
ಮೊದಲನೇ ಫೋಟೊದಾಗ ಕಾಣೋದು ಅಂಗೈಯಷ್ಟೂ ಇಲ್ಲದ ಒಂದು ಕರಿ ಪ್ಲಾಸ್ಟಿಕ್ ಮುಚ್ಚಳ. ಇದರ ಸಲುವಾಗಿ ನಮ್ಮ ಕಾಕಾನ ಗಾಡಿ 18 ದಿನ ನಿಂತಿತ್ತು.

ಕಾಕಾ ಟೂರಿಸ್ಟರನ್ನ ಬಾದಾಮಿ, ಪಟ್ಟದಕಲ್ಲು, ಐಹೊಳಿ ತೋರಿಸಿಕೊಂಡು ಬರ್ತಾನ. ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು, ಸಾಲ ಇನ್ನೂ ತೀರಿಲ್ಲ. ಹೋದ ವರ್ಷ ಒಂದು ಕಡೆ ಆಯಿಲ್ ಚೇಂಜ್ ಮಾಡಿಸಿದ. ಮಾಡಿದವರು ಮುಚ್ಚಳ ಇಟ್ಟಿದ್ರು, ಆದ್ರ ತಿರುವಿ ಬಿಗಿ ಮಾಡಿರಲಿಲ್ಲ. ಗುಳೇದಗುಡ್ಡ ದಾಟಿದ ಮ್ಯಾಲ ಸುಟ್ಟ ವಾಸನಿ. ಬಾನೆಟ್ ಎತ್ತಿ ನೋಡಿದ್ರ ಇಂಜಿನ್ ತುಂಬ ಎಣ್ಣಿ, ಮುಚ್ಚಳದ ಪತ್ತೆ ಇಲ್ಲ. ಒಳಗ ಕುಂತವರಿಗೆ ಬಾದಾಮಿ ಸ್ಟೇಷನ್ನಿನಾಗ ರೈಲು ಹಿಡೀಬೇಕಿತ್ತು. ಕಾಕಾ ಆ ತೂತಿಗೆ ಅರಿವಿ ತುರುಕಿ ಗಾಡಿ ಬಿಟ್ಟ. ಎಣ್ಣಿ ದೀಪ ಹತ್ತೋದ್ರೊಳಗ ತಡ ಆಗಿತ್ತು, ಟರ್ಬೊ ಹೋತು. ಬಿಲ್ಲು 38 ಸಾವಿರ. ಹೊಸ ಮುಚ್ಚಳಕ್ಕ 220 ರೂಪಾಯಿ.

ನನ್ನ ಕಾಲೇಜ್ ಫೀ ತುಂಬೋನೂ ಕಾಕಾನೇ. ಆ ಸೆಮಿಸ್ಟರ್ ದಂಡ ಹಾಕಿ ತುಂಬಿದ್ವಿ. ನಾನು ಬಿಕಾಂ, ಇಂಜಿನಿಯರಿಂಗ್ ಅಲ್ಲ. ಆದ್ರೂ ಅವತ್ತಿನಿಂದ ಈ ಮುಚ್ಚಳ ಎಲ್ಲಿಂದ ಬಂತು ಅಂತ ಹುಡುಕಾಕ ಹತ್ತಿದೆ.

(2/4)
ಅರಿವಿ ತುರುಕಿದ ಸುದ್ದಿ ಕೇಳಿ ಅಜ್ಜ ನಕ್ಕುಬಿಟ್ಟ. “ನಾವೂ ಅದನ್ನೇ ಮಾಡ್ತಿದ್ವಿ, ಆದ್ರ ಚಕ್ಕಡಿಗೆ” ಅಂದ.

ಚಕ್ಕಡಿಯ ಅಚ್ಚಿಗೆ ಹಾಕುವ ಎಣ್ಣೆಗೆ ಕನ್ನಡದಲ್ಲಿ ಕೀಲೆಣ್ಣೆ ಅಂತ ಬೇರೆ ಹೆಸರೇ ಇದೆ. ಔಡಲ ಎಣ್ಣಿಗೆ ಸುಟ್ಟ ಹುಲ್ಲಿನ ಮಸಿ ಕಲಸಿ, ಬಿದಿರಿನ ಕೊಳವಿಯೊಳಗ ತುಂಬಿ, ಬಾಯಿಗೆ ಅರಿವಿ ಬಿರಡಿ ಜಡಿದು, ಗಾಡಿ ಕೆಳಗ ತೂಗುಬಿಡ್ತಿದ್ರಂತ. ಬಿರಡಿ ಬಿದ್ದು ಹೋದ್ರ ಎಣ್ಣಿಯೊಳಗ ಮಣ್ಣು ಸೇರಿ, ಅಚ್ಚು ಉಜ್ಜಿ, ಗಾಲಿ ಕಿರ್‌ ಅಂತಿತ್ತು. ಇಂಜಿನ್ ಹುಟ್ಟೋಕಿಂತ ಮೊದಲೇ ನಮ್ಮ ಮಂದಿಗೆ ಮುಚ್ಚಳದ ಬೆಲೆ ಗೊತ್ತಿತ್ತು, ನೋಡ್ರಿ.

1884ರಲ್ಲಿ ಹೊಟಗಿ–ಗದಗ ಮೀಟರ್ ಗೇಜ್ ರೈಲು ಬಾಗಲಕೋಟೆ ಮೇಲಿಂದ ಓಡಿತು. ಆ ಕಾಲದ ರೈಲಿನ ಅಚ್ಚಿನ ತುದಿಗೊಂದು ಎಣ್ಣೆ ಪೆಟ್ಟಿಗೆ, ಅದಕ್ಕೊಂದು ಮುಚ್ಚಳ. ಎಣ್ಣೆ ಒಣಗಿದರೆ ಅಚ್ಚು ಕಾದು ಕೆಂಪಾಗಿ ಗಾಡಿ ನಿಲ್ಲುತ್ತಿತ್ತು. ಕೆಲಸ ಅದೇ, ಬಿದಿರು ಹೋಗಿ ಕಬ್ಬಿಣ ಬಂತು ಅಷ್ಟೇ.

ನನಗ ಭಾಳ ಸೇರಿದ್ದು ಔಡಲದ ಕತಿ. 1899ರಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಅನ್ನೋರು ಲಂಡನ್ನಿನಲ್ಲಿ ಎಣ್ಣೆ ಕಂಪನಿ ತೆಗೆದರು. 1909ರಲ್ಲಿ ಮೋಟಾರಿಗೆ ಅಂತ ಮಾಡಿದ ಎಣ್ಣೆಯಲ್ಲಿ ಔಡಲ ಎಣ್ಣೆ ಬೆರೆಸಿದರು. ಔಡಲಕ್ಕೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್. ಅದರಿಂದಲೇ ಕ್ಯಾಸ್ಟ್ರಾಲ್ ಅನ್ನೋ ಹೆಸರು. ಮೊದಲನೇ ಮಹಾಯುದ್ಧದ ರೋಟರಿ ಇಂಜಿನ್ನಿನ ವಿಮಾನಗಳೂ ಔಡಲ ಎಣ್ಣೆ ಮೇಲೇ ಹಾರಿದವು, ಯಾಕಂದ್ರ ಅದು ಪೆಟ್ರೋಲಿನ ಜೊತೆ ಸುಲಭಕ್ಕೆ ಬೆರೆಯೋದಿಲ್ಲ. ಹೊಗೆಯ ಜೊತೆ ಹೊರಗೆ ಬಿದ್ದ ಎಣ್ಣೆ ಪೈಲಟ್‌ಗಳ ಬಾಯಿ ಮೂಗಿಗೆ ಹೋಗಿ ಹೊಟ್ಟೆ ಕೆಡುತ್ತಿತ್ತು. ಸಣ್ಣವರಿದ್ದಾಗ ಅಮ್ಮನ ಕೈಯಾಗ ಔಡಲ ಎಣ್ಣಿ ಕುಡಿದವರಿಗೆ ಬಿಡಿಸಿ ಹೇಳೋದು ಬ್ಯಾಡ.

(3/4)
ಹಳೇ ಕಾರುಗಳಲ್ಲಿ ಈ ಮುಚ್ಚಳ ಬರೀ ಮುಚ್ಚುತ್ತಿರಲಿಲ್ಲ, ಉಸಿರೂ ಆಡುತ್ತಿತ್ತು. ಪಿಸ್ಟನ್ ರಿಂಗ್ ಎಷ್ಟೇ ಬಿಗಿ ಇದ್ದರೂ ಸುಟ್ಟ ಗಾಳಿ ಒಂದಿಷ್ಟು ಕೆಳಗೆ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅದರ ಜೊತೆ ನೀರಾವಿ, ಅರೆಬೆಂದ ಪೆಟ್ರೋಲ್ ಕೂಡ. ಅದು ಹೊರಗೆ ಹೋಗದಿದ್ದರೆ ಎಣ್ಣೆ ಕೆಡುತ್ತದೆ, ಸೀಲುಗಳು ಒಡೆಯುತ್ತವೆ. ಅದಕ್ಕೇ ಮುಚ್ಚಳದೊಳಗೆ ತಂತಿ ಜಾಳಿಗೆ ಇಟ್ಟಿದ್ದರು. ಅದರ ಮೂಲಕ ಶುದ್ಧ ಗಾಳಿ ಒಳಗೆ, ಕೆಳಗಿನ ಕೊಳವೆಯಿಂದ ಹೊಲಸು ಗಾಳಿ ನೇರ ರಸ್ತೆಗೆ. ಆ ಕಾಲದ ಮೇಂಟೆನನ್ಸ್ ಅಂದ್ರ ಮುಚ್ಚಳ ಬಿಚ್ಚಿ ಚಿಮಣಿ ಎಣ್ಣಿಯಾಗ ತೊಳೆದು, ಒಣಗಿಸಿ, ಜಾಳಿಗಿಗೆ ನಾಕು ಹನಿ ಆಯಿಲ್ ಹಚ್ಚಿ ಹಾಕೋದು.

ಇದು ನಿಂತದ್ದು ಲಾಸ್ ಏಂಜಲಿಸ್‌ನ ಹೊಗೆಮಂಜಿನಿಂದ. 1950ರ ದಶಕದ ಶುರುವಿನಲ್ಲಿ ಹಾಗೆನ್-ಸ್ಮಿಟ್ ಅನ್ನೋ ವಿಜ್ಞಾನಿ ಆ ಮಂಜಿಗೆ ಕಾರುಗಳ ಹೊಗೆಯೂ ಬಿಸಿಲೂ ಕಾರಣ ಅಂತ ತೋರಿಸಿದರು. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾಡೆಲ್ ಕಾರುಗಳಿಂದ ಪಿಸಿವಿ ವಾಲ್ವ್ ಬಂತು. ಹೊಲಸು ಗಾಳಿಯನ್ನು ರಸ್ತೆಗೆ ಬಿಡದೆ ಮತ್ತೆ ಇಂಜಿನ್ನಿಗೇ ಕುಡಿಸಿ ಸುಡೋ ವ್ಯವಸ್ಥೆ. ಬರಬರುತ್ತ ಮುಚ್ಚಳದ ಉಸಿರು ನಿಂತು, ಒಳಗೊಂದು ರಬ್ಬರ್ ರಿಂಗ್ ಬಂತು. ನಮ್ಮ ದೇಶದಲ್ಲಿ ಪೆಟ್ರೋಲ್ ಗಾಡಿಗಳ ಹೊಗೆ ನಿಯಮ 1991ಕ್ಕೆ, ಡೀಸೆಲ್‌ಗೆ 1992ಕ್ಕೆ ಬಂದವು.

(4/4)
ಈಗ ನಿಮ್ಮ ಮನಿ ಗಾಡಿ ಕಡೆ ನಡೀರಿ.

ಇಂಜಿನ್ ಆರಿಸಿ, ತಣ್ಣಗಾದ ಮ್ಯಾಲ ಬಿಚ್ಚರಿ. ಬಿಚ್ಚೋ ಮುಂಚೆ ಸುತ್ತಲ ಧೂಳು ಒರಸ್ರಿ, ನಮ್ಮ ಕಡೆ ಬ್ಯಾಸಗಿ ಧೂಳು ಒಳಗ ಬಿದ್ರ ಮುಗೀತು. ರಬ್ಬರ್ ರಿಂಗ್ ಚಿವುಟಿ ನೋಡ್ರಿ, ಬಿರುಸಾಗಿದ್ರ ಅಥವಾ ಸೀಳಿದ್ರ ಬದಲಿಸ್ರಿ. ಒಳಗ ಬಿಳಿ ಬೆಣ್ಣಿ ಹಂಗ ಕೂತಿತ್ತಂದ್ರ ಅದು ನೀರು. ಚಳಿಗಾಲದಾಗ ಬರೀ ವಿದ್ಯಾಗಿರಿ–ನವನಗರ ಅಡ್ಡಾಡೋ ಗಾಡಿಗೆ ಇಂಜಿನ್ ಪೂರಾ ಕಾಯೋದಿಲ್ಲ, ಸ್ವಲ್ಪ ಬರೋದು ಸಹಜ. ಆದ್ರ ಕೂಲಂಟ್ ಕೂಡ ಕಡಿಮಿ ಆಗ್ತಿದ್ರ ಹೆಡ್ ಗ್ಯಾಸ್ಕೆಟ್ ತೋರಿಸ್ರಿ, ತಡ ಮಾಡಬ್ಯಾಡ್ರಿ. ಹಾಕೋವಾಗ ಕೈಯಿಂದ ಬಿಗಿ ಸಾಕು, ಪಾನಾ ಹಚ್ಚಬ್ಯಾಡ್ರಿ.

ಹಳೇ ಡೀಸೆಲ್ ಗಾಡಿ ಕೊಳ್ಳೋರಿಗೊಂದು ಮಾತು. ಮೆಕ್ಯಾನಿಕ್‌ಗಳು ಗಾಡಿ ಐಡಲ್‌ನಾಗ ಇಟ್ಟು, ಮುಚ್ಚಳ ಬಿಚ್ಚಿ ತೂತಿನ ಮ್ಯಾಲ ಸುಮ್ನ ಇಡ್ತಾರ. ಸಣ್ಣಗ ನಡುಗಿದ್ರ ಅಡ್ಡಿಯಿಲ್ಲ. ಕುಣಿದು ಹಾರಿ ಬಿದ್ದು ಹೊಗಿ ಬಂದ್ರ “ಬ್ಯಾಕ್ ಕಂಪ್ರೆಷನ್ ಹೊಡಿತೈತಿ” ಅಂತಾರ, ಅಂದ್ರ ರಿಂಗ್ ಸವದಾವ. ಇದನ್ನ ನೀವು ಮಾಡಬ್ಯಾಡ್ರಿ, ಬಿಸಿ ಎಣ್ಣಿ ಮುಖಕ್ಕ ಸಿಡಿತೈತಿ. ಗೊತ್ತಿದ್ದವರ ಕಡೆ ಮಾಡಿಸ್ರಿ.

ಕಾಕಾ ಈಗ ಆಯಿಲ್ ಚೇಂಜ್ ಆದ್ಮ್ಯಾಲ ದುಡ್ಡು ಕೊಡೋಕಿಂತ ಮೊದಲ ಬಾನೆಟ್ ತಾನೇ ಎತ್ತಿ ಮುಚ್ಚಳ ತಿರುವಿ ನೋಡ್ತಾನ. ಡ್ಯಾಶ್‌ಬೋರ್ಡ್ ಖಾನ್ಯಾಗ ಒಂದು ಸ್ಪೇರ್ ಮುಚ್ಚಳಾನೂ ಐತಿ, ಕೊನೇ ಫೋಟೊದಾಗ ಇರೋದು ಅದೇ. ನಿಮ್ಮ ಗಾಡಿ ಮುಚ್ಚಳದ ಒಳಮೈ ಫೋಟೊ ಕಳಿಸ್ರಿ. ಮುಂದಿನ ವಾರ ಡಿಪ್‌ಸ್ಟಿಕ್.

#ಗಾಡಿಚರಿತ್ರೆ #ವಿದ್ಯಾಗಿರಿ #ಬಾಗಲಕೋಟೆ