ನಾಯಿಯ ಹಾಸಿಗೆ

ರಾಯಚೂರಿನ ಹೊಸ ಬಡಾವಣೆಗಳಲ್ಲಿ ಈಚೆಗೆ ಸಾಕಿದ ನಾಯಿ ಯಜಮಾನನ ಹಾಸಿಗೆಯಲ್ಲೇ ಮಲಗುವುದುಂಟು. ಅದನ್ನು ಕಂಡ ಹಿರಿಯರು ‘ಸಾಹೇಬರ ಚಾಳಿ’ ಎಂದು ಮೂಗು ಮುರಿಯುತ್ತಾರೆ. ಈ ಚಾಳಿ ಅಷ್ಟು ಹೊಸದಲ್ಲ, ಸಾಹೇಬರಿಂದ ಬಂದದ್ದೂ ಅಲ್ಲ ಎಂದು ನನ್ನ ಎಣಿಕೆ.

ನಾಯಿಯ ಮೇಲಿನ ಅಕ್ಕರೆ ನಮ್ಮವರಿಗೆ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಶಕವರ್ಷ 872ರದು, ಎಂದರೆ ಕ್ರಿ.ಶ. 949-50. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನು ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿತು; ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿಯೂ ದತ್ತಿಯಾಯಿತು.

ಇಷ್ಟು ಮನ್ನಣೆ ಪಡೆದ ಪ್ರಾಣಿಗೆ ಊರ ಮನೆಗಳಲ್ಲಿ ಹೊಸ್ತಿಲಾಚೆಯೇ ಎಡೆ. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೋ ಅಂಗಳದಲ್ಲೋ ಹೊರಸು ಹಾಕಿ ಮಲಗುವ ನಮ್ಮ ಸೀಮೆಯಲ್ಲಿ ಬಹಳವಾದರೆ ಹೊರಸಿನ ಕೆಳಗೆ. ಇದಕ್ಕೆ ಮಡಿಯೊಂದೇ ಕಾರಣವಲ್ಲ, ಪ್ರಾಣಭಯವೂ ಇತ್ತು. ಹುಚ್ಚುನಾಯಿಯ ರೋಗ ಒಮ್ಮೆ ತಲೆದೋರಿತೆಂದರೆ ಇಂದಿಗೂ ಉಳಿಯುವವರು ಅಪರೂಪ. ಪಾಶ್ಚರ್ ಮನುಷ್ಯನಿಗೆ ಮೊದಲ ಲಸಿಕೆ ಕೊಟ್ಟದ್ದು 1885ರಲ್ಲಿ. ದಕ್ಷಿಣದಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆ ತೆರೆದದ್ದು 1907ರಲ್ಲಿ. ಅದಕ್ಕೆ ಮೊದಲು ಜಾಣ ಗೃಹಸ್ಥ ನಾಯಿಯನ್ನು ದೂರವಿಟ್ಟರೆ ಅವನನ್ನು ಜರೆಯುವುದೆಂತು?

ಆ ದೂರವನ್ನು ಇಟ್ಟುಕೊಳ್ಳಲಾಗದವನು ಕುರುಬ. ಮಾನ್ವಿ, ದೇವದುರ್ಗಗಳ ಎರೆಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬುತ್ತಾರೆ. ಬಯಲಲ್ಲಿ ತೋಳದ ಭಯ, ಮಾಗಿಯ ಚಳಿ. ಕಂಬಳಿಯ ಅಂಚಿಗೆ ಬಂದು ಬೆನ್ನಿಗೊತ್ತಿ ಮಲಗುವ ನಾಯಿಯನ್ನು ಅಟ್ಟುವ ಕುರುಬನನ್ನು ನಾನಂತೂ ಕಂಡಿಲ್ಲ. ಅವನ ಮನೆದೇವರು ಮೈಲಾರಲಿಂಗನ ಸೇವೆಯಲ್ಲಿ ಗೊರವರು ತಾವೇ ನಾಯಿಗಳಾಗಿ ಬೊಗಳಿ, ದೋಣಿಯಲ್ಲಿಟ್ಟ ಪ್ರಸಾದವನ್ನು ಬಾಯಿಂದಲೇ ಉಣ್ಣುತ್ತಾರೆ. ನಾಯಿಯೊಡನೆ ಹಾಸಿಗೆ ಹಂಚಿಕೊಂಡವರಿಗೆ ಅದರ ಎಡೆಯಲ್ಲಿ ಉಣ್ಣುವುದು ಹೀನವೆನಿಸಲಿಲ್ಲ.

ಆದುದರಿಂದ ಪೇಟೆಯ ನಾಯಿ ಮಂಚ ಏರಿದ್ದಕ್ಕೆ ಪ್ರೀತಿ ಹೊಸದಾಗಿ ಹುಟ್ಟಿತೆಂದು ತಿಳಿಯಬೇಕಾಗಿಲ್ಲ. ಪ್ರೀತಿ ಮೊದಲೂ ಇತ್ತು; ಲಸಿಕೆ ಬಂದ ಮೇಲೆ ಧೈರ್ಯ ಕೂಡಿಕೊಂಡಿತು. ಕುರುಬನಾದರೋ ಆ ಧೈರ್ಯಕ್ಕೆ ಆಧಾರವೇ ಇಲ್ಲದ ಕಾಲದಿಂದ ನಾಯಿಯ ಪಕ್ಕ ಮಲಗಿದ್ದಾನೆ. ನಾಯಿಯಿಂದ ಬರುವ ರೇಬೀಸನ್ನು 2030ರೊಳಗೆ ನಿರ್ಮೂಲ ಮಾಡಬೇಕೆಂದು ಭಾರತ ಸರ್ಕಾರ 2021ರಲ್ಲಿ ಯೋಜನೆ ಹಾಕಿಕೊಂಡಿದೆ. ಅದು ಕೈಗೂಡಬೇಕಾದರೆ ಲಸಿಕೆಯ ಸೂಜಿ ಬಡಾವಣೆಯ ಮೆತ್ತೆಯ ಮೇಲಿನ ನಾಯಿಯನ್ನು ತಲುಪಿದಷ್ಟೇ ತಪ್ಪದೆ ಎರೆಹೊಲದ ಕಂಬಳಿಯ ನಾಯಿಯನ್ನೂ ತಲುಪಬೇಕು.