ಕಾರೂನನ ಮಕ್ಕಳ ಕೈಗೆ ಬಂದ ಕೀಲಿಕೈ

ಕಾರೂನನ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಪ್ರವಾದಿ ಮೂಸಾ(ಅ)ರ ಜನಾಂಗದ ಈ ಸಿರಿವಂತನ ಖಜಾನೆಯ ಕೀಲಿಕೈಗಳನ್ನು ಹೊರುವುದು ಬಲಿಷ್ಠರ ಗುಂಪಿಗೂ ಭಾರವಾಗುತ್ತಿತ್ತೆಂದು ಪವಿತ್ರ ಕುರ್‌ಆನಿನ 28ನೇ ಅಧ್ಯಾಯ ತಿಳಿಸುತ್ತದೆ. ಕೊನೆಗೆ ಭೂಮಿ ಅವನನ್ನು ನುಂಗಿತು. ಬೈಬಲಿನಲ್ಲಿ ಇವನ ಹೆಸರು ಕೋರಹ. ಕಥೆ ಅಲ್ಲಿಗೇ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ ಕೋರಹನ ಮಕ್ಕಳು ಸಾಯಲಿಲ್ಲ ಎಂಬ ಪುಟ್ಟ ವಾಕ್ಯವೊಂದು ಬೈಬಲಿನ ‘ಅರಣ್ಯಕಾಂಡ’ದಲ್ಲಿದೆ.

ಆ ಮಕ್ಕಳ ಸಂತತಿ ಮುಂದೆ ಕಾಣಿಸಿಕೊಳ್ಳುವುದು ಜೆರುಸಲೇಮಿನ ದೇವಾಲಯದ ಬಾಗಿಲಲ್ಲಿ. ಬೈಬಲಿನ ‘ಪೂರ್ವಕಾಲವೃತ್ತಾಂತ’ ದ್ವಾರಪಾಲಕರ ಪಟ್ಟಿಯನ್ನೇ ಕೊಡುತ್ತದೆ. ಅವರ ಮುಖ್ಯಸ್ಥ ಶಲ್ಲೂಮ ಕೋರಹನ ವಂಶದವನು. ಒಂದು ಲೆಕ್ಕದಲ್ಲಿ ಇವರು 212 ಮಂದಿ. ಹಳ್ಳಿಗಳಲ್ಲಿದ್ದ ಬಂಧುಗಳು ಸರದಿಯಂತೆ ಬಂದು ಏಳು ದಿನ ಕಾವಲಿದ್ದು ಹಿಂದಿರುಗುತ್ತಿದ್ದರು. ಯಾರಿಗೆ ಯಾವ ಬಾಗಿಲು ಎಂಬುದನ್ನು ಚೀಟಿ ಹಾಕಿ ನಿರ್ಧರಿಸಲಾಗುತ್ತಿತ್ತು. ಅದರಲ್ಲಿ ಹಿರಿಯರು ಕಿರಿಯರೆಂಬ ಭೇದವಿರಲಿಲ್ಲ. ಪೂರ್ವಕ್ಕೆ ದಿನಕ್ಕೆ ಆರು ಜನ, ಉತ್ತರಕ್ಕೂ ದಕ್ಷಿಣಕ್ಕೂ ನಾಲ್ಕು ನಾಲ್ಕು ಜನ.

ಇದು ಬರಿಯ ಕಾವಲುಗಾರಿಕೆಯಲ್ಲ. ನಾಲ್ವರು ಮುಖ್ಯ ದ್ವಾರಪಾಲಕರು ಭಂಡಾರಗಳ ಹೊಣೆ ಹೊತ್ತಿದ್ದರು. ರಾತ್ರಿ ದೇವಾಲಯದ ಸುತ್ತಲೇ ತಂಗಿ, ಬೆಳಗ್ಗೆ ಬಾಗಿಲು ತೆರೆಯುವುದು ಅವರ ಕೆಲಸ. ಪೂಜೆಯ ಪಾತ್ರೆಗಳನ್ನು ಎಣಿಸಿ ಹೊರಗೆ ಕೊಟ್ಟು, ಎಣಿಸಿಯೇ ಒಳಗಿಡುವ ಕ್ರಮವೂ ಅಲ್ಲಿತ್ತು. ಕೀಲಿಕೈಯ ಗರ್ವದಲ್ಲಿ ಹಾಳಾದವನ ಪೀಳಿಗೆಗೆ ದೇವಾಲಯದ ಕೀಲಿಕೈ! ತಂದೆಯ ಅಪರಾಧವನ್ನು ಮಕ್ಕಳ ಹಣೆಗೆ ಹಚ್ಚುವ ಚಟ ಆ ಸಮಾಜಕ್ಕೆ ಇದ್ದಿದ್ದರೆ ಇದು ಸಾಧ್ಯವಾಗುತ್ತಿತ್ತೇ?

ಕ್ರಿ.ಪೂ. 586ರಲ್ಲಿ ಬಾಬಿಲೋನಿನ ಸೇನೆ ದೇವಾಲಯವನ್ನು ಸುಟ್ಟಿತು. ಸೆರೆಹಿಡಿದು ಕೊಲ್ಲಲಾದವರಲ್ಲಿ ಹೊಸ್ತಿಲು ಕಾಯುವ ಮೂವರು ಅಧಿಕಾರಿಗಳೂ ಇದ್ದರು. ಗಡೀಪಾರಿನಿಂದ ಮರಳಿದವರಲ್ಲಿ ದ್ವಾರಪಾಲಕ ಮನೆತನಗಳ 139 ಜನರಿದ್ದರೆಂದು ‘ಎಜ್ರ’ ಗ್ರಂಥ ಹೇಳುತ್ತದೆ. ಬಾಗಿಲೇ ಇಲ್ಲದ ಊರಿಗೆ ಬಾಗಿಲು ಕಾಯುವವರು ಮರಳಿ ಬಂದಿದ್ದರು.

ಬಾಗಿಲಿಗೆ ಇನ್ನೊಂದು ಮುಖವೂ ಇದೆ. 1871ರಲ್ಲಿ ಜೆರುಸಲೇಮಿನಲ್ಲಿ ಗ್ರೀಕ್ ಶಾಸನವೊಂದು ಸಿಕ್ಕಿತು. ಹೆರೋದನು ನವೀಕರಿಸಿದ ದೇವಾಲಯದ ಒಳಾವರಣಕ್ಕೆ ಅನ್ಯಜನಾಂಗದವರು ಕಾಲಿಟ್ಟರೆ ಮರಣವೇ ಗತಿ ಎಂಬ ಎಚ್ಚರಿಕೆ ಅದರಲ್ಲಿದೆ. ಆದರೆ ದೇವರ ಮನೆ ಸಕಲ ಜನಾಂಗಗಳ ಪ್ರಾರ್ಥನಾಲಯವಾಗಬೇಕೆಂಬ ಆಶಯ ಅದೇ ಪರಂಪರೆಯ ‘ಯೆಶಾಯ’ ಗ್ರಂಥದಲ್ಲಿ ಅದಕ್ಕೂ ಮೊದಲೇ ದಾಖಲಾಗಿತ್ತು. ಬಾಗಿಲು ಕಾಯುವುದೆಂದರೆ ತೆರೆಯುವುದೋ ಮುಚ್ಚುವುದೋ ಎಂಬ ಪ್ರಶ್ನೆ ಅಂದೂ ಇತ್ತು.

ಕ್ರಿ.ಶ. 630ರ ಮಕ್ಕಾ ವಿಜಯದ ದಿನ ಪ್ರವಾದಿ(ಸ)ಯವರು ಕಅಬಾದ ಕೀಲಿಕೈಯನ್ನು ಉಸ್ಮಾನ್ ಬಿನ್ ತಲ್ಹಾರಿಗೇ ಹಿಂದಿರುಗಿಸಿದರು. ಅವರ ಮನೆತನದ ಹಲವರು ಉಹುದ್‌ನಲ್ಲಿ ಮುಸ್ಲಿಮರ ವಿರುದ್ಧ ಹೋರಾಡಿ ಮಡಿದಿದ್ದರು. ಬನೂ ಶೈಬಾ ಎಂಬ ಆ ಮನೆತನದ ಬಳಿಯೇ ಕೀಲಿಕೈ ಇಂದಿಗೂ ಇದೆ. ಅಮಾನತ್ತನ್ನು ಒಪ್ಪಿಸುವಾಗ ಅಲ್ಲಿಯೂ ಹಳೆಯ ಹಗೆಯ ಲೆಕ್ಕ ತೆಗೆಯಲಿಲ್ಲ.