ಕಿಪ್ಲಿಂಗನ ಮಗ ಜಾನ್

ರಡ್ಯರ್ಡ್ ಕಿಪ್ಲಿಂಗ್ ಎಂಬ ಹೆಸರು ನಮ್ಮ ವಾಚಕರಿಗೆ ಹೊಸದಲ್ಲ. ಮೌಗ್ಲಿ, ಬಘೀರ, ಬಾಲೂ, ಷೇರಖಾನರ ಕಥೆಯನ್ನು ಕೇಳದ ಮಕ್ಕಳು ವಿರಳ. ೧೮೬೫ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ತಾರುಣ್ಯದಲ್ಲಿ ಲಾಹೋರಿನ ಒಂದು ಪತ್ರಿಕೆಯಲ್ಲಿ ದುಡಿದು, ೧೯೦೭ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಈ ಸಾಹಿತಿಯ ಮೇಲೆ ನಮ್ಮವರಿಗೆ ಒಂದು ಮುನಿಸೂ ಉಂಟು. ಅವನು ಸಾಮ್ರಾಜ್ಯದ ವಂದಿಮಾಗಧ. ಜಲಿಯನ್‌ವಾಲಾಬಾಗಿನ ತರುವಾಯ ಜನರಲ್ ಡಯರನಿಗಾಗಿ ಕೂಡಿಸಿದ ನಿಧಿಗೆ ಹಣ ಕೊಟ್ಟವನು. ಆ ಮುನಿಸು ನ್ಯಾಯವಾದದ್ದೇ. ಆದರೆ ನಾನು ಈಗ ಹೇಳಹೊರಟಿರುವುದು ಅವನ ಒಬ್ಬನೇ ಮಗನ ಕಥೆ. ಹುಡುಗನ ಹೆಸರು ಜಾನ್. ಯುದ್ಧಭೂಮಿಯಲ್ಲಿ ಮಡಿದಾಗ ಅವನಿಗೆ ಹದಿನೆಂಟು ತುಂಬಿ ಆರು ವಾರವೂ ಆಗಿರಲಿಲ್ಲ.

ಕಿಪ್ಲಿಂಗನ ಹೆಂಡತಿ ಕ್ಯಾರಿ ಅಮೆರಿಕದ ಹೆಣ್ಣುಮಗಳು. ದಂಪತಿಗಳಿಗೆ ಮೂವರು ಮಕ್ಕಳು. ಹಿರಿಯವಳು ಜೋಸೆಫೀನ್, ಎರಡನೆಯವಳು ಎಲ್ಸಿ, ಕಿರಿಯವನು ಜಾನ್. ಇವನು ೧೮೯೭ರ ಆಗಸ್ಟ್ ೧೭ರಂದು ಇಂಗ್ಲೆಂಡಿನ ದಕ್ಷಿಣ ಕಡಲತೀರದ ರಾಟಿಂಗ್‌ಡೀನ್ ಎಂಬ ಹಳ್ಳಿಯಲ್ಲಿ ಹುಟ್ಟಿದ. ಮಗನಿಗೆ ಎರಡು ವರ್ಷ ತುಂಬುವ ಮೊದಲೇ ಆ ಮನೆಗೆ ಮೊದಲ ಪೆಟ್ಟು ಬಿತ್ತು. ೧೮೯೯ರಲ್ಲಿ ಸಂಸಾರವೆಲ್ಲ ಅಮೆರಿಕಕ್ಕೆ ಹೋಗಿದ್ದಾಗ ತಂದೆಗೂ ಹಿರಿಯ ಮಗಳಿಗೂ ನ್ಯುಮೋನಿಯಾ ಹಿಡಿಯಿತು. ತಂದೆ ಉಳಿದುಕೊಂಡ, ಆರು ವರ್ಷದ ಜೋಸೆಫೀನ್ ಉಳಿಯಲಿಲ್ಲ. ಉಳಿದ ಇಬ್ಬರು ಮಕ್ಕಳನ್ನು ತಾಯಿತಂದೆಯರು ಹೇಗೆ ಕಣ್ಣಲ್ಲಿ ಕಣ್ಣಿಟ್ಟು ಸಾಕಿರಬೇಕೆಂಬುದನ್ನು ವಾಚಕರೇ ಊಹಿಸಬಲ್ಲರು.

ಇದಕ್ಕೆ ಇನ್ನೊಂದು ಕಾರಣವೂ ಇದ್ದಿತು. ಕಿಪ್ಲಿಂಗನಿಗೆ ಇನ್ನೂ ಆರು ತುಂಬಿರದಾಗಲೇ ಅವನ ತಾಯಿತಂದೆಗಳು ಅವನನ್ನೂ ತಂಗಿಯನ್ನೂ ಮುಂಬಯಿಯಿಂದ ಇಂಗ್ಲೆಂಡಿಗೆ ಕರೆದೊಯ್ದು, ಹಣ ಕೊಟ್ಟು ಪರರ ಮನೆಯಲ್ಲಿ ಬಿಟ್ಟು ಬಂದಿದ್ದರು. ಅಲ್ಲಿ ಅವನು ಪಟ್ಟ ಪಾಡು ಅವನ ಬರವಣಿಗೆಯಲ್ಲಿಯೇ ಬಂದಿದೆ. ತನ್ನ ಮಕ್ಕಳು ಶಾಲೆಗೆಂದು ಮನೆ ಬಿಟ್ಟಾಗ ಅವನು ಅವರಿಗೆ ಬಿಡದೆ ಕಾಗದ ಬರೆಯುತ್ತಿದ್ದುದು ಆ ನೆನಪಿನಿಂದಲೇ ಎಂದು ನನಗೆ ತೋರುತ್ತದೆ. ಆ ಕಾಗದಗಳು ೧೯೮೩ರಲ್ಲಿ ಪುಸ್ತಕವಾಗಿ ಹೊರಬಂದವು. ಅವುಗಳಲ್ಲಿ ಸಾಮ್ರಾಜ್ಯದ ಕವಿ ಕಾಣುವುದು ಅಪರೂಪ. ಚೇಷ್ಟೆ ಮಾಡುವ, ಚಿತ್ರ ಬರೆದು ನಗಿಸುವ, ನಡುನಡುವೆ ಗದರಿಸುವ ಅಪ್ಪನೇ ಹೆಚ್ಚು. ಜಾನ್ ಓದಿನಲ್ಲಿ ಮುಂದಿರಲಿಲ್ಲ. ಅವನ ಕಾಗುಣಿತವಂತೂ ಬಹಳ ಕೆಟ್ಟದ್ದು. ತಂದೆ ಒಮ್ಮೆ ಬೇಕೆಂದೇ ಮಾತುಮಾತಿಗೂ ತಪ್ಪು ಕಾಗುಣಿತ ಹಾಕಿ, ಹೀಗೆ ನಾನು ಬರೆದರೆ ನಿನಗೆ ಹೇಗಿರುತ್ತದೆ ಎಂದು ಕೇಳಿ ಬರೆದಿದ್ದಾನೆ. ಮೂವತ್ತು ವರ್ಷ ಹುಡುಗರ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದುತ್ತ ಬಂದ ನನಗೆ ಈ ಉಪಾಯ ಹೊಳೆದಿರಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಹುಡುಗ ಆಟ, ಮೋಟಾರು ಎಂದರೆ ಪ್ರಾಣ ಬಿಡುವವನು. ನಗುಮುಖದವನು. ಅವನನ್ನು ನೌಕಾಪಡೆಗೆ ಸೇರಿಸಬೇಕೆಂದು ತಂದೆಯ ಆಸೆ. ಆದರೆ ತಂದೆಯ ಮಂದದೃಷ್ಟಿ ಮಗನಿಗೂ ಬಂದಿದ್ದಿತು. ಕನ್ನಡಕವಿಲ್ಲದೆ ಅವನಿಗೆ ದೂರದ್ದೇನೂ ಸ್ಪಷ್ಟವಾಗಿ ಕಾಣದು. ನೌಕಾಪಡೆಯ ಮಾತು ಅಲ್ಲಿಗೇ ನಿಂತಿತು.

೧೯೧೪ರ ಆಗಸ್ಟಿನಲ್ಲಿ ಮಹಾಯುದ್ಧ ಸಿಡಿಯಿತು. ಆ ತಿಂಗಳೇ ಜಾನನಿಗೆ ಹದಿನೇಳು ತುಂಬಿತು. ಎಲ್ಲ ಹುಡುಗರಂತೆ ಅವನೂ ಸೈನ್ಯಕ್ಕೆ ಸೇರಲು ಹೋದ. ಕಣ್ಣಿನ ಪರೀಕ್ಷೆಯಲ್ಲಿ ತಿರಸ್ಕೃತನಾಗಿ ಬಂದ. ಅಧಿಕಾರಿಯಾಗಿ ಬೇಡವೆಂದರೆ ಸಾಮಾನ್ಯ ಸಿಪಾಯಿಯಾಗಿಯಾದರೂ ಸೇರುತ್ತೇನೆಂದು ಹಟ ಹಿಡಿದ. ಕಥೆಯ ಗಂಟು ಇರುವುದು ಇಲ್ಲಿ. ಕಾನೂನು ಮುಚ್ಚಿದ್ದ ಬಾಗಿಲನ್ನು ತೆರೆಯಿಸಿದವನು ತಂದೆ. ಕಾನ್‌ಪುರದಲ್ಲಿ ಹುಟ್ಟಿ, ಹಿಂದೂಸ್ಥಾನದ ಸೇನಾಧಿಪತಿಯಾಗಿದ್ದ ಲಾರ್ಡ್ ರಾಬರ್ಟ್ಸ್ ಕಿಪ್ಲಿಂಗನಿಗೆ ಹಳೆಯ ಪರಿಚಯದವನು. ಐರಿಷ್ ಗಾರ್ಡ್ಸ್ ಎಂಬ ರೆಜಿಮೆಂಟಿನ ಗೌರವ ಕರ್ನಲ್ ಆಗಿದ್ದವನು. ಕಿಪ್ಲಿಂಗ್ ಅವನನ್ನು ಕಂಡು ಮಾತಾಡಿದ. ಕಣ್ಣಿನ ದೋಷವನ್ನು ಯಾರೂ ಮತ್ತೆ ಎತ್ತಲಿಲ್ಲ. ಸೆಪ್ಟೆಂಬರಿನಲ್ಲಿ ಜಾನ್ ಆ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ನಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆಗಿ, ವಾರ್ಲೀ ಎಂಬಲ್ಲಿ ಕವಾಯತಿಗೆ ನಿಂತ. ರಾಬರ್ಟ್ಸ್ ಆ ನವೆಂಬರಿನಲ್ಲಿಯೇ, ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರನ್ನು ನೋಡಹೋಗಿ, ಅಲ್ಲಿಯೇ ತೀರಿಕೊಂಡ.

ಸೇನಾ ಭರ್ತಿಯ ಸುದ್ದಿ ಬಂದಾಗಲೆಲ್ಲ ಜನ್ಮದಿನಾಂಕದ ಪ್ರಮಾಣಪತ್ರಕ್ಕಾಗಿ ನಮ್ಮ ಶಾಲೆಗೂ ಹಳೆಯ ಹುಡುಗರು ಬರುತ್ತಾರೆ. ಹಿಂದೆ ನಿಂತ ಅಪ್ಪಂದಿರ ಮುಖದಲ್ಲಿ ಹೆಮ್ಮೆಯೂ ಇರುತ್ತದೆ, ಇನ್ನೊಂದೇನೋ ಇರುತ್ತದೆ. ಜಾನನ ಕಥೆ ಓದಿದ ಮೇಲೆ ಆ ಮುಖಗಳನ್ನು ನಾನು ಎರಡು ಸಲ ನೋಡುವಂತಾಗಿದೆ.

೧೯೧೫ರ ಆಗಸ್ಟ್ ೧೭, ಹದಿನೆಂಟನೆಯ ಹುಟ್ಟುಹಬ್ಬದ ದಿನ, ಜಾನನ ಬೆಟಾಲಿಯನ್ ಫ್ರಾನ್ಸಿನ ನೆಲದ ಮೇಲೆ ಇಳಿಯಿತು. ಅಲ್ಲಿಂದ ಅವನು ಮನೆಗೆ ಬರೆದ ಕಾಗದಗಳು ಎಲ್ಲ ಹುಡುಗರ ಕಾಗದಗಳಂತೆಯೇ ಇವೆ: ಅದು ಕಳಿಸಿ, ಇದು ಕಳಿಸಿ. ಸೆಪ್ಟೆಂಬರಿನ ಒಂದು ಕಾಗದದಲ್ಲಿ ಅವನು ಬೇಡಿದ್ದು ಒಂದು ಗುರುತಿನ ಬಿಲ್ಲೆ. ಸೈನಿಕರು ಹೆಸರು ಕೆತ್ತಿಸಿ ಕೊರಳಿಗೆ ಕಟ್ಟಿಕೊಳ್ಳುವ ಬಿಲ್ಲೆ ಅದು. ತನ್ನದು ಎಲ್ಲೋ ಕಳೆದುಹೋಗಿದೆ, ದಾರ ಪೋಣಿಸಿದ ಅಲ್ಯೂಮಿನಿಯಮ್ ಬಿಲ್ಲೆ ಸಾಕು ಎಂದು ಬರೆದಿದ್ದ. ಮಾತು ಬಹಳ ಹಗುರವಾಗಿ ಬಂದಿದೆ. ಕೊನೆಯ ಕಾಗದ ಸೆಪ್ಟೆಂಬರ್ ೨೫ರದು.

ಅದೇ ದಿನ ಲೂಸ್ ಎಂಬ ಗಣಿಯೂರಿನ ಬಳಿ ಇಂಗ್ಲಿಷರು ದೊಡ್ಡ ದಾಳಿಗೆ ಕೈಹಾಕಿದರು. ಅವರು ವಿಷವಾಯುವನ್ನು ಮೊದಲ ಬಾರಿಗೆ ಪ್ರಯೋಗಿಸಿದ್ದೂ ಅಲ್ಲಿಯೇ. ಮೊದಲ ದಿನ ಊರು ಕೈಸೇರಿತಾದರೂ ಹಿಂದಿನಿಂದ ಬರಬೇಕಾಗಿದ್ದ ಪಡೆಗಳು ಹೊತ್ತಿಗೆ ಬರಲಿಲ್ಲ; ಗೆದ್ದದ್ದು ಜಾರತೊಡಗಿತು. ಆಗ ಮುಂದಕ್ಕೆ ಕಳುಹಿಸಿದ್ದು ಆಗತಾನೆ ಕಟ್ಟಿದ್ದ ಗಾರ್ಡ್ಸ್ ಡಿವಿಜನ್ನನ್ನು. ಅದಕ್ಕೆ ಅದೇ ಪ್ರಥಮ ಯುದ್ಧ. ೨೭ರ ಸಂಜೆ ನಾಲ್ಕರ ಹೊತ್ತಿಗೆ ಜಾನನ ಬೆಟಾಲಿಯನ್ ಸುಣ್ಣದ ಕಲ್ಲಿನ ಗಣಿಯೊಂದರ ಪಕ್ಕದ ಸಣ್ಣ ಕಾಡಿನ ಕಡೆಗೆ ನುಗ್ಗಿತು. ಕಾಡು ಸಿಕ್ಕಿತು. ಅದರಾಚೆ ಕಲ್ಲಿದ್ದಲ ಗಣಿಯ ಕಟ್ಟಡಗಳಿದ್ದವು, ಅವುಗಳೊಳಗೆ ಮೆಷಿನ್‌ಗನ್ನುಗಳಿದ್ದವು. ಕಾಡು ದಾಟಿ ಆ ಕಡೆಗೆ ಓಡಿದವರಲ್ಲಿ ಜಾನ್ ಒಬ್ಬ. ಆಮೇಲೆ ಅವನು ಹಿಂದಿರುಗಲಿಲ್ಲ. ಲೂಸ್ ಯುದ್ಧದಲ್ಲಿ ಇಂಗ್ಲಿಷರ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ೫೦,೦೦೦ಕ್ಕೂ ಹೆಚ್ಚು.

ಅಕ್ಟೋಬರ್ ೨ರಂದು ಮನೆಗೆ ತಂತಿ ಬಂದಿತು. ಸತ್ತನೆಂದಲ್ಲ, ಗಾಯಗೊಂಡು ಕಾಣೆಯಾಗಿದ್ದಾನೆಂದು. ಈ ‘ಕಾಣೆ’ ಎಂಬ ಮಾತಿನ ಕ್ರೌರ್ಯ ಸಾವಿಗಿಂತ ಹೆಚ್ಚು. ಸತ್ತರೆ ಅತ್ತು, ಸೂತಕ ಕಳೆದು, ಹೇಗೋ ಏಳಬಹುದು. ಕಾಣೆಯಾದವನಿಗಾಗಿ ಬಾಗಿಲು ತೆರೆದೇ ಇಡಬೇಕು. ಗಂಡಹೆಂಡಿರು ಆಸ್ಪತ್ರೆ ಆಸ್ಪತ್ರೆಗೆ ಅಲೆದು, ಆ ಬೆಟಾಲಿಯನ್ನಿನ ಗಾಯಾಳುಗಳನ್ನು ಒಬ್ಬೊಬ್ಬರಾಗಿ ವಿಚಾರಿಸಿದರು. ರೆಡ್‌ಕ್ರಾಸಿಗೆ ಬರೆದರು, ಜರ್ಮನರ ಸೆರೆಯಲ್ಲಿರಬಹುದೇ ಎಂದು ಇತರ ದೇಶಗಳ ದೊಡ್ಡವರ ಮೂಲಕ ಕೇಳಿಸಿದರು. ಅವರ ಸ್ನೇಹಿತ, ಕಾದಂಬರಿಕಾರ ರೈಡರ್ ಹ್ಯಾಗರ್ಡನೂ ಹುಡುಕಾಟಕ್ಕೆ ನಿಂತ. ಅವನಿಗೆ ಆ ವರ್ಷದ ಕೊನೆಯಲ್ಲಿ ಒಬ್ಬ ಸಿಪಾಯಿಯ ಹೇಳಿಕೆ ದೊರೆಯಿತು: ಬಾಯಿಗೆ ಗಾಯವಾಗಿ, ನೋವಿನಿಂದ ಅಳುತ್ತ, ಗಾಯ ಕಟ್ಟಿಕೊಳ್ಳಲು ಹೆಣಗುತ್ತಿದ್ದ ಒಬ್ಬ ಕಿರಿಯ ಅಧಿಕಾರಿಯನ್ನು ತಾನು ಕಂಡೆನೆಂದೂ, ಸಹಾಯ ಮಾಡಲು ಹೋದರೆ ಅಳುವುದನ್ನು ಕಂಡನಲ್ಲಾ ಎಂದು ಅವನಿಗೆ ಅವಮಾನವಾದೀತೆಂದು ಸುಮ್ಮನೆ ಮುಂದೆ ಸಾಗಿದೆನೆಂದೂ. ಹ್ಯಾಗರ್ಡ್ ಇದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ. ಕಿಪ್ಲಿಂಗನಿಗೆ ಹೇಳಲಿಲ್ಲ. ಹೇಳದಿದ್ದುದೇ ಒಳ್ಳೆಯದಾಯಿತೆಂದು ನನ್ನ ಎಣಿಕೆ.

ರನ್ನನ ಗದಾಯುದ್ಧವನ್ನು ಪಾಠ ಹೇಳುವಾಗಲೆಲ್ಲ ನನಗೆ ಈ ತಂದೆಯ ನೆನಪಾಗುತ್ತದೆ. ದುರ್ಯೋಧನ ಹೆಣಗಳ ನಡುವೆ ಕಾಲಿಡುತ್ತ ಹೋಗಿ ಮಗ ಲಕ್ಷಣಕುಮಾರನನ್ನು ಕಾಣುವ ಸಂದರ್ಭ ಅದು. ತಾನೇ ಹೊತ್ತಿಸಿದ ಕಿಚ್ಚಿನಲ್ಲಿ ಮಗ ಬೆಂದಿದ್ದಾನೆ ಎಂಬ ಅರಿವು ಅಲ್ಲಿಯೂ ಉಂಟು. ಆದರೆ ದುರ್ಯೋಧನನಿಗೆ ಮಗನ ಮುಖವಾದರೂ ನೋಡಸಿಕ್ಕಿತು. ಯುದ್ಧಕ್ಕೆ ಜನರನ್ನು ಲೇಖನಿಯಿಂದ ಕರೆದ ಕಿಪ್ಲಿಂಗನಿಗೆ ಅದೂ ಇಲ್ಲ.

ತಂದೆಯೇ ಮಗನನ್ನು ಸಾವಿಗೆ ನೂಕಿದನೆಂದು ಈಚೆಗೆ ಹಲವರು ಬರೆಯುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ಹೋಗಲು ಹಟ ಹಿಡಿದವನು ಹುಡುಗನೇ. ೧೯೧೬ರ ಜನವರಿಯಲ್ಲಿ ಸೈನ್ಯಸೇವೆಯನ್ನು ಕಡ್ಡಾಯ ಮಾಡಿದಾಗ ಅವನ ಓರಗೆಯವರೆಲ್ಲ ಹೇಗೂ ಹೋಗಬೇಕಾಯಿತು. ಆದರೆ ಆ ಕಣ್ಣುಗಳು ಅವನನ್ನು ಯಾವುದೋ ಕಛೇರಿಯ ಮೇಜಿನ ಹಿಂದೆ ಕುಳ್ಳಿರಿಸಿ ಉಳಿಸಿಬಿಡುತ್ತಿದ್ದವೇನೋ. ಆ ‘ಏನೋ’ ತಂದೆಗೂ ಗೊತ್ತಿರದೆ ಇದ್ದೀತೇ? ಇನ್ನೊಂದು ಮಾತು: ೧೯೧೬ರಲ್ಲಿ ಅವನು ಪ್ರಕಟಿಸಿದ ‘ಮೈ ಬಾಯ್ ಜ್ಯಾಕ್’ ಎಂಬ ಕವಿತೆ ಮಗನನ್ನು ಕುರಿತದ್ದೆಂದು ಎಲ್ಲರೂ ಹೇಳುವುದುಂಟು. ಅದು ಬಂದದ್ದು ಜಟ್ಲೆಂಡಿನ ನೌಕಾಯುದ್ಧದ ಲೇಖನಗಳ ಜೊತೆಗೆ, ಅದರಲ್ಲಿರುವುದು ಕಡಲು. ಮನೆಯಲ್ಲಿ ಹುಡುಗನನ್ನು ಜ್ಯಾಕ್ ಎಂದು ಕರೆಯುತ್ತಿರಲಿಲ್ಲ. ಮಗನ ದುಃಖ ಅದರೊಳಗೆ ಇಳಿದಿದ್ದರೆ ಆಶ್ಚರ್ಯವಿಲ್ಲ, ಅಷ್ಟೆ.

ದುಃಖವನ್ನು ಅವನು ಇಳಿಸಿಕೊಂಡದ್ದು ಬೇರೆ ಎರಡು ಕೆಲಸಗಳಲ್ಲಿ. ಮೊದಲನೆಯದು, ಐರಿಷ್ ಗಾರ್ಡ್ಸ್ ರೆಜಿಮೆಂಟಿನ ಯುದ್ಧಚರಿತ್ರೆ. ದಿನಚರಿಗಳನ್ನೂ ಕಾಗದಗಳನ್ನೂ ಜೋಡಿಸಿ, ಬದುಕುಳಿದವರನ್ನು ಕರೆಸಿ ಕೇಳಿ, ಐದು ವರ್ಷಕ್ಕೂ ಮೇಲ್ಪಟ್ಟು ದುಡಿದು, ೧೯೨೩ರಲ್ಲಿ ಎರಡು ಸಂಪುಟಗಳಾಗಿ ಹೊರತಂದ. ಎರಡನೆಯ ಸಂಪುಟದಲ್ಲಿ ಲೂಸಿನ ಪ್ರಸಂಗ ಬರುತ್ತದೆ. ಆ ದಿನ ಬಿದ್ದ ಅಧಿಕಾರಿಗಳ ಸಾಲಿನಲ್ಲಿ ‘ಸೆಕೆಂಡ್ ಲೆಫ್ಟಿನೆಂಟ್ ಕಿಪ್ಲಿಂಗ್’ ಎಂದು ಒಂದು ಹೆಸರು, ಗಾಯಗೊಂಡು ಕಾಣೆಯಾದನೆಂದು ಅರ್ಧ ವಾಕ್ಯ. ನನ್ನ ಮಗನೆಂದಿಲ್ಲ. ಮುಂದಿನ ವಾಕ್ಯ ಇನ್ನೊಬ್ಬರ ವಿಷಯಕ್ಕೆ ಹೋಗುತ್ತದೆ. ಮಾತಿನ ಮಲ್ಲನಾದವನು ಬರೆದ ಆ ಅರ್ಧ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಎರಡನೆಯದು, ಯುದ್ಧದಲ್ಲಿ ಮಡಿದವರ ಸಮಾಧಿಗಳನ್ನು ನೋಡಿಕೊಳ್ಳಲು ೧೯೧೭ರಲ್ಲಿ ನೇಮಕವಾದ ಆಯೋಗದ ಕೆಲಸ. ಕಿಪ್ಲಿಂಗ್ ಅದರ ಸದಸ್ಯನಾಗಿ ಸಾಯುವವರೆಗೂ ದುಡಿದ. ಜನರಲ್ ಆಗಲಿ ಸಿಪಾಯಿಯಾಗಲಿ ಎಲ್ಲರಿಗೂ ಒಂದೇ ಅಳತೆಯ ಕಲ್ಲು; ಧನಿಕರು ತಮ್ಮವರ ದೇಹವನ್ನು ಊರಿಗೆ ಸಾಗಿಸಕೂಡದು; ಇವು ಆಯೋಗದ ನಿಯಮಗಳು. ಹೆಸರು ತಿಳಿಯದವರ ಕಲ್ಲಿನ ಮೇಲೆ ಏನು ಬರೆಯಬೇಕು? ಇವನಾರೆಂದು ದೇವರು ಬಲ್ಲ ಎಂಬ ಅರ್ಥದ ಮೂರು ಇಂಗ್ಲಿಷ್ ಪದಗಳನ್ನು ಕೊಟ್ಟವನು ಕಿಪ್ಲಿಂಗನೇ. ಸಾವಿರ ಸಾವಿರ ಕಲ್ಲುಗಳ ಮೇಲೆ ಅವು ಇಂದಿಗೂ ಇವೆ.

ಈ ಕೆಲಸದಲ್ಲಿಯೇ ಅವನು ಮತ್ತೊಮ್ಮೆ ನಮ್ಮವರ ಎದುರಿಗೆ ಬಂದ. ಲೂಸಿನ ಕದನ ಮೊದಲಾದ ದಿನವೇ, ಅಲ್ಲಿಗೆ ಸ್ವಲ್ಪ ಉತ್ತರದಲ್ಲಿ, ನವ್ ಶಪೆಲ್ ಎಂಬ ಊರಿನ ಬಳಿ ಮೀರತ್ ಡಿವಿಜನ್ನಿನ ಭಾರತೀಯ ಸೈನಿಕರೂ ಶತ್ರುವಿನ ಗಮನ ಬೇರೆಡೆಗೆ ಸೆಳೆಯಲೆಂದು ದಾಳಿ ಮಾಡಿ ಬಹಳವಾಗಿ ಸತ್ತರು. ಫ್ರಾನ್ಸಿನ ನೆಲದಲ್ಲಿ ಮಡಿದು ಸಮಾಧಿಯೇ ಇಲ್ಲದ ೪,೭೦೦ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೆತ್ತಿದ ಸ್ಮಾರಕ ಅಲ್ಲಿದೆ. ೧೯೨೭ರ ಅಕ್ಟೋಬರ್ ೭ರಂದು ಅದರ ಅನಾವರಣವಾದಾಗ ಕಿಪ್ಲಿಂಗನೂ ಹೋಗಿದ್ದ. ಪಂಜಾಬಿನ, ಗಢವಾಲದ ಎಷ್ಟೋ ಮನೆಗಳಲ್ಲಿ ಇವನಂತೆಯೇ ಮಗನ ಹೆಣ ಕಾಣದೆ ಕುಳಿತ ಅಪ್ಪಂದಿರಿದ್ದರು. ಅವರಿಗೆ ವಿಚಾರಿಸಲು ಆಸ್ಪತ್ರೆಯೂ ಇಲ್ಲ, ಕೇಳಿಸಲು ದೊಡ್ಡವರ ಪರಿಚಯವೂ ಇಲ್ಲ.

೧೯೨೪ರಲ್ಲಿ ಎಲ್ಸಿಯ ಮದುವೆಯಾಯಿತು. ವರ ಐರಿಷ್ ಗಾರ್ಡ್ಸಿನಲ್ಲಿ ಅಧಿಕಾರಿಯಾಗಿದ್ದವನೇ. ಅವರಿಗೆ ಮಕ್ಕಳಾಗಲಿಲ್ಲ. ೧೯೩೦ರಲ್ಲಿ ಲೂಸಿನ ಸ್ಮಾರಕ ಪೂರ್ಣವಾಯಿತು. ಸಮಾಧಿಯಿಲ್ಲದ ೨೦,೦೦೦ಕ್ಕೂ ಹೆಚ್ಚು ಜನರ ಹೆಸರಿನ ನಡುವೆ ಜಾನನ ಹೆಸರೂ ಅಲ್ಲಿ ಸೇರಿತು. ೧೯೩೬ರ ಜನವರಿಯಲ್ಲಿ ಕಿಪ್ಲಿಂಗ್, ೧೯೩೯ರಲ್ಲಿ ಕ್ಯಾರಿ, ೧೯೭೬ರಲ್ಲಿ ಎಲ್ಸಿ ತೀರಿಕೊಂಡರು.

ಲೂಸಿಗೆ ಹತ್ತಿರದ ಸೇಂಟ್ ಮೇರೀಸ್ ಎಂಬ ಸೈನಿಕ ಶ್ಮಶಾನದಲ್ಲಿ, ‘ಮಹಾಯುದ್ಧದ ಒಬ್ಬ ಲೆಫ್ಟಿನೆಂಟ್, ಐರಿಷ್ ಗಾರ್ಡ್ಸ್’ ಎಂದಷ್ಟೇ ಬರೆದು, ಕೆಳಗೆ ಕಿಪ್ಲಿಂಗ್ ಕೊಟ್ಟ ಆ ಮೂರು ಪದಗಳನ್ನು ಕೆತ್ತಿದ್ದ ಒಂದು ಕಲ್ಲು ಇದ್ದಿತು. ೧೯೯೨ರಲ್ಲಿ ಆಯೋಗದವರು ಹಳೆಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿ, ಅಲ್ಲಿ ಮಲಗಿರುವವನು ಜಾನ್ ಕಿಪ್ಲಿಂಗನೇ ಎಂದು ನಿರ್ಧರಿಸಿ ಹೆಸರು ಹಾಕಿಸಿದರು. ಅವನು ಸತ್ತಾಗ ಸೆಕೆಂಡ್ ಲೆಫ್ಟಿನೆಂಟ್ ಆಗಿದ್ದನಲ್ಲವೇ, ಶವ ದೊರೆತ ಜಾಗವೂ ಹೊಂದುವುದಿಲ್ಲವಲ್ಲ ಎಂದು ಕೆಲವು ಸಂಶೋಧಕರು ತಕರಾರು ತೆಗೆದರು. ಬಡ್ತಿಯ ಆದೇಶ ಪ್ರಕಟವಾದದ್ದು ಅವನು ಬಿದ್ದ ಮೇಲೆ ಎಂದೂ, ನಕ್ಷೆಯ ಅಂಕಿಯನ್ನು ಬರೆದುಕೊಳ್ಳುವಾಗ ತಪ್ಪಾಗಿದೆಯೆಂದೂ ಈಚಿನವರು ತೋರಿಸಿ ಆಯೋಗದ ತೀರ್ಮಾನವನ್ನು ಎತ್ತಿಹಿಡಿದಿದ್ದಾರೆ. ಎಲ್ಸಿ ತೀರಿಕೊಂಡು ಆಗಲೇ ಹದಿನಾರು ವರ್ಷಗಳಾಗಿದ್ದವು. ಸುದ್ದಿಯನ್ನು ತಿಳಿಸಲು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.